ಮೂಗಿನ ಮದ್ದೂ ಮುಂದಾಲೋಚನೆಯೂ

ಸೀನುವುದೂ ಒಂದು ರೋಗವೇ ಎಂದು ನಗುವವರುಂಟು. ನಾಲ್ಕು ಸಲ ಸೀನಿ, ಮೂಗೊರಸಿಕೊಂಡು, ಮತ್ತೆ ಕೆಲಸಕ್ಕೆ ತೊಡಗುವ ಆರೋಗ್ಯವಂತರ ಮಾತು ಅದು. ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಆಗಸ್ಟ್ ತಿಂಗಳ ನಡುವಿನಿಂದ ಹೊಲದಲ್ಲಿ ಮೊದಲ ಮಂಜು ಹೆಪ್ಪುಗಟ್ಟುವವರೆಗೆ ರ‍್ಯಾಗ್‌ವೀಡ್ ಎಂಬ ಕಳೆಯ ಗಿಡ ತನ್ನ ಪರಾಗವನ್ನು ಗಾಳಿಗೆ ತೂರುತ್ತಿರುತ್ತದೆ. ಆ ಕಾಲದಲ್ಲಿ ಕಣ್ಣು ಕೆಂಪಾಗಿ, ಮೂಗು ಕಟ್ಟಿ, ಇರುಳು ನಿದ್ರೆಯಿಲ್ಲದೆ, ಹಗಲು ಪಾಠ ತಲೆಗೆ ಹತ್ತದೆ ವಾರಗಟ್ಟಲೆ ನರಳುವ ವಿದ್ಯಾರ್ಥಿಯನ್ನು ಕೇಳಿದರೆ ಬೇರೆಯ ಉತ್ತರವೇ ಬಂದೀತು. ಈ ರ‍್ಯಾಗ್‌ವೀಡು ನಮಗೆ ತೀರ ಪರಕೀಯವೂ ಅಲ್ಲ. ನಮ್ಮ ಹೊಲದ ಬದುಗಳಲ್ಲಿಯೂ ರಸ್ತೆಯ ಇಕ್ಕೆಲಗಳಲ್ಲಿಯೂ ಹಬ್ಬಿ, ಕಾಂಗ್ರೆಸ್ ಗಿಡವೆಂಬ ಹೆಸರು ಪಡೆದಿರುವ ಪಾರ್ಥೇನಿಯಂ ಅದರ ಹತ್ತಿರದ ದಾಯಾದಿ. ಎರಡೂ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದವು, ಎರಡೂ ಮನುಷ್ಯರ ಮೂಗಿಗೆ ವೈರಿಗಳು.

ಈ ವ್ಯಾಧಿಗೆ ಇಂದು ಒಳ್ಳೆಯ ಮದ್ದಿದೆ. ಆ ಮದ್ದಿಗೆ ಅಮೆರಿಕಾದಲ್ಲಿ ಯಾರು ಹಣ ಕೊಡಬೇಕು, ಎಷ್ಟು ಕೊಡಬೇಕು, ಅಗ್ಗದ ಪ್ರತಿರೂಪ ಬರುವ ಸೂಚನೆ ಇದ್ದಾಗ ಹಣ ತೆರುವವರು ಹೇಗೆ ಸಿದ್ಧರಾಗಬೇಕು ಎಂಬುದೇ ಈ ಲೇಖನದ ವಿಷಯ. ಇದು ಲೆಕ್ಕಪತ್ರದವರ ಚರ್ಚೆ, ವಿಜ್ಞಾನಕ್ಕೆ ಸಂಬಂಧಿಸಿದುದಲ್ಲ ಎಂದು ವಾಚಕರು ಪುಟ ಮಗುಚಬಾರದು. ಈ ಲೆಕ್ಕದ ನಟ್ಟನಡುವೆ ಭೌತವಿಜ್ಞಾನದ ಒಂದು ಸೊಗಸಾದ ಅಧ್ಯಾಯ ಅಡಗಿದೆಯೆಂಬುದನ್ನು ಮುಂದೆ ಕಾಣುವೆವು.

ಮೊದಲು ರೋಗದ ವಿಚಾರ. ೧೮೧೯ರಲ್ಲಿ ಲಂಡನ್ನಿನ ವೈದ್ಯ ಜಾನ್ ಬೊಸ್ಟಾಕ್ ಪ್ರತಿ ಬೇಸಗೆಯಲ್ಲಿ ತನ್ನನ್ನೇ ಕಾಡುತ್ತಿದ್ದ ಬೇನೆಯನ್ನು ವರ್ಣಿಸಿ ವೈದ್ಯರ ಸಭೆಯ ಮುಂದಿಟ್ಟನು. ಅದರ ಕಾರಣ ಪರಾಗವೆಂದು ತನ್ನ ಮೂಗಿನ ಮೇಲೆಯೇ ಪ್ರಯೋಗ ನಡೆಸಿ ತೋರಿಸಿದವನು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲಾಕ್ಲಿ. ಅವನ ಗ್ರಂಥ ೧೮೭೩ರಲ್ಲಿ ಹೊರಬಂತು. ಪರಾಗ ವಿಷವಲ್ಲ, ನೂರರಲ್ಲಿ ಹೆಚ್ಚಿನವರು ಅದನ್ನು ಉಸಿರಾಡಿ ಸುಮ್ಮನಿರುತ್ತಾರೆ. ಕೆಲವರ ದೇಹ ಮಾತ್ರ ಅದನ್ನು ಶತ್ರುವೆಂದು ತಪ್ಪು ತಿಳಿದು, ೧೯೬೦ರ ದಶಕದಲ್ಲಿ ಇಶಿಝಾಕ ದಂಪತಿಗಳು ಗುರುತಿಸಿದ ‘ಇ’ ವರ್ಗದ ಪ್ರತಿಕಾಯಗಳನ್ನು ತಯಾರಿಸಿ, ಮೂಗಿನ ಲೋಳೆಪೊರೆಯಲ್ಲಿರುವ ಮಾಸ್ಟ್ ಕೋಶಗಳ ಮೇಲೆ ನೆಟ್ಟು ಕಾಯುತ್ತಿರುತ್ತದೆ. ಪರಾಗ ತಾಗಿದೊಡನೆ ಆ ಕೋಶಗಳು ಹಿಸ್ಟಮೀನನ್ನು ಸುರಿಯುತ್ತವೆ. ಸೀನು, ತುರಿಕೆ, ನೀರು ಸುರಿಯುವುದು ಈ ಮೊದಲ ಅಲೆಯ ಫಲ. ಕೆಲವು ಗಂಟೆಗಳ ಅನಂತರ ಬೇರೆ ಬಗೆಯ ರಕ್ತಕಣಗಳು ಅಲ್ಲಿಗೆ ಮುತ್ತಿ ಪೊರೆ ಊದಿಕೊಳ್ಳುತ್ತದೆ. ಮೂಗು ಕಟ್ಟುವುದು ಇದರಿಂದ. ಹಿಸ್ಟಮೀನಿಗೆ ಅಡ್ಡ ಬರುವ ಗುಳಿಗೆ ಮೊದಲ ಅಲೆಯನ್ನು ತಡೆದೀತೇ ಹೊರತು ಎರಡನೆಯದರ ಮುಂದೆ ಅದರ ಆಟ ಹೆಚ್ಚು ನಡೆಯದು.

ಮೂಗಿಗೆ ಸಿಂಪಡಿಸುವ ಸ್ಟೀರಾಯ್ಡ್ ಔಷಧಗಳ ಹಿರಿಮೆ ಇಲ್ಲಿಯೇ ಇದೆ. ಇವು ಕೋಶದೊಳಕ್ಕೆ ಹೊಕ್ಕು, ಅಲ್ಲಿನ ಗ್ರಾಹಕ ಅಣುವನ್ನು ಹಿಡಿದು, ಕೋಶಕೇಂದ್ರದವರೆಗೆ ನಡೆದು, ಉರಿಯೂತವನ್ನು ಪ್ರಚೋದಿಸುವ ವಸ್ತುಗಳ ತಯಾರಿಕೆಯನ್ನೇ ತಗ್ಗಿಸುತ್ತವೆ. ಇಂಥ ಕೆಲಸ ಒಂದು ಗಳಿಗೆಯಲ್ಲಿ ಮುಗಿಯುವಂಥದಲ್ಲ. ಮೊದಲ ದಿನವೇ ಕೊಂಚ ಸುಖ ಕಂಡರೂ ಪೂರ್ಣ ಗುಣ ತೋರಲು ಹಲವು ದಿನಗಳು, ಕೆಲವರಿಗೆ ಒಂದೆರಡು ವಾರಗಳೇ ಬೇಕು. ಆದ್ದರಿಂದಲೇ ಪರಾಗದ ಕಾಲ ಬರುವುದಕ್ಕೆ ಮುಂಚೆಯೇ ಆರಂಭಿಸಿ, ದಿನ ತಪ್ಪದೆ ಬಳಸಬೇಕೆಂದು ವೈದ್ಯರು ಹೇಳುತ್ತಾರೆ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹಣದ ಮಾತು ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಅಮೆರಿಕಾದಲ್ಲಿ ಔಷಧದ ಹಣವನ್ನು ರೋಗಿಯೊಬ್ಬನೇ ಅಂಗಡಿಯವನ ಕೈಗೆ ಎಣಿಸಿ ಕೊಡುವ ಪದ್ಧತಿ ಕಡಿಮೆ. ಉದ್ಯೋಗ ಕೊಟ್ಟವರು ಮಾಡಿಸಿದ ವಿಮೆ, ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್, ಹೀಗೆ ಯಾವುದಾದರೊಂದು ಯೋಜನೆ ಬಹುಭಾಗವನ್ನು ತೆರುತ್ತದೆ. ಪ್ರತಿ ಯೋಜನೆಗೂ ಒಂದು ಔಷಧಪಟ್ಟಿ ಉಂಟು. ವೈದ್ಯರೂ ಔಷಧಶಾಸ್ತ್ರಜ್ಞರೂ ಕೂಡಿದ ಸಮಿತಿ ಅದನ್ನು ಗೊತ್ತುಮಾಡುತ್ತದೆ. ಪಟ್ಟಿಯಲ್ಲಿ ಮೆಟ್ಟಿಲುಗಳಿವೆ. ಕೆಳಗಿನ ಮೆಟ್ಟಿಲ ಔಷಧಕ್ಕೆ ರೋಗಿ ಕೊಡಬೇಕಾದ ಪಾಲು ಅಲ್ಪ, ಮೇಲಿನದಕ್ಕೆ ಅಧಿಕ. ಪಟ್ಟಿಯಲ್ಲಿಲ್ಲದ ಔಷಧ ಬೇಕೆಂದರೆ ಪೂರ್ತಿ ತನ್ನ ಕೈಯಿಂದಲೇ. ಮುಂದಿನ ವರ್ಷದ ವಿಮಾಕಂತನ್ನು ಈ ವರ್ಷವೇ ನಿರ್ಧರಿಸಬೇಕಾದುದರಿಂದ ಮುಂದೆ ಯಾವ ಔಷಧದ ಬೆಲೆ ಯಾವಾಗ ಇಳಿದೀತು ಎಂಬ ಊಹೆ ಈ ಸಮಿತಿಗಳಿಗೆ ಅನಿವಾರ್ಯ.

ಬೆಲೆ ಇಳಿಯುವುದು ಜೆನೆರಿಕ್ ಔಷಧಗಳು ಬಂದಾಗ. ಔಷಧವನ್ನು ಮೊದಲು ಕಂಡುಹಿಡಿದವರ ಪೇಟೆಂಟು ಮುಗಿದ ಮೇಲೆ, ಅಥವಾ ನ್ಯಾಯಾಲಯದಲ್ಲಿ ಸೋತ ಮೇಲೆ, ಅದೇ ರಾಸಾಯನಿಕವನ್ನು ಅದೇ ಪ್ರಮಾಣದಲ್ಲಿ ಬೇರೆಯವರು ತಯಾರಿಸಿ ಮಾರಬಹುದು. ೧೯೮೪ರಲ್ಲಿ ಅಲ್ಲಿನ ಶಾಸನಸಭೆ ಮಾಡಿದ ಕಾನೂನು ಇದಕ್ಕೆ ದಾರಿ ತೆರೆಯಿತು. ಜೆನೆರಿಕ್ ತಯಾರಕರು ಮೂಲ ಔಷಧದ ಪರೀಕ್ಷೆಗಳನ್ನೆಲ್ಲ ಮೊದಲಿಂದ ನಡೆಸಬೇಕಿಲ್ಲ. ತಮ್ಮದು ಮೂಲದ್ದಕ್ಕೆ ಸಮವೆಂದು ತೋರಿಸಿದರೆ ಸಾಕು. ಎಫ್.ಡಿ.ಎ. ಎಂದು ಹೆಸರಾದ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ೨೦೧೯ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಒಬ್ಬನೇ ಜೆನೆರಿಕ್ ತಯಾರಕನಿದ್ದಾಗ ತಯಾರಕರ ಬೆಲೆ ಮೂಲ ಔಷಧದ ಬೆಲೆಗಿಂತ ಸರಾಸರಿ ಶೇಕಡ ೩೯ ಕಡಿಮೆ, ಇಬ್ಬರಾದರೆ ಶೇಕಡ ೫೪, ನಾಲ್ವರಾದರೆ ೭೯, ಆರು ಮಂದಿಯೋ ಅದಕ್ಕೂ ಹೆಚ್ಚೋ ಆದರೆ ೯೫ಕ್ಕೂ ಮಿಗಿಲು. ಜೆನೆರಿಕ್ ‘ಬಂತು’ ಎಂಬ ಒಂದು ಮಾತಿನಿಂದ ಬೆಲೆ ಕುಸಿಯುವುದಿಲ್ಲ, ಎಷ್ಟು ಮಂದಿ ಬಂದರು ಎಂಬುದರಿಂದ ಕುಸಿಯುತ್ತದೆ. ಪೇಟೆಂಟನ್ನು ಮೊದಲು ಪ್ರಶ್ನಿಸಿದ ತಯಾರಕನಿಗೆ ಕಾನೂನು ೧೮೦ ದಿನಗಳ ವಿಶೇಷ ಹಕ್ಕನ್ನು ಕೊಡುವುದರಿಂದ, ಮೊದಲ ಆರು ತಿಂಗಳು ಇಳಿತ ಅಲ್ಪವಾಗಿರುವುದೂ ಉಂಟು.

ಇಲ್ಲಿಯವರೆಗೆ ಎಲ್ಲವೂ ಸರಳ. ಪೇಟೆಂಟು ಮುಗಿಯುವ ದಿನವನ್ನು ಪಂಚಾಂಗದಲ್ಲಿ ಗುರುತು ಹಾಕಿಕೊಂಡರೆ ಮುಗಿಯಿತಲ್ಲ ಎನ್ನಬಹುದು. ಮೂಗಿನ ಔಷಧಗಳ ಚರಿತ್ರೆ ಹಾಗೆ ಹೇಳುವುದಿಲ್ಲ. ಫ್ಲೂಟಿಕಾಸೋನ್ ಪ್ರೊಪಿಯೊನೇಟ್ ಎಂಬ ಸ್ಟೀರಾಯ್ಡನ್ನು ಫ್ಲೋನೇಸ್ ಎಂಬ ಹೆಸರಿನಲ್ಲಿ ಅಮೆರಿಕಾದಲ್ಲಿ ಮಾರಲು ೧೯೯೪ರಲ್ಲಿ ಅನುಮತಿ ದೊರೆಯಿತು. ಅದರ ಪೇಟೆಂಟೂ, ಮಕ್ಕಳಲ್ಲಿ ಪರೀಕ್ಷೆ ನಡೆಸಿದ್ದಕ್ಕಾಗಿ ದೊರೆತ ಆರು ತಿಂಗಳ ಹೆಚ್ಚುವರಿ ಹಕ್ಕೂ ಸೇರಿ ೨೦೦೪ರ ಮೇ ತಿಂಗಳಿಗೆ ತೀರಿದವು. ಅದೇ ಸಮಯದಲ್ಲಿ ತಯಾರಕರಾದ ಗ್ಲಾಕ್ಸೋಸ್ಮಿತ್‌ಕ್ಲೈನ್ ಕಂಪೆನಿಯವರು ಎಫ್.ಡಿ.ಎ.ಗೆ ಅರ್ಜಿಗಳನ್ನು ಸಲ್ಲಿಸತೊಡಗಿದರು. ಮೂಗಿನ ತುಂತುರು ಔಷಧಗಳ ಸಮಾನತೆಯನ್ನು ಅಳೆಯುವ ನಿಯಮಾವಳಿ ಇನ್ನೂ ಕರಡಿನ ರೂಪದಲ್ಲಿದೆ, ಅದು ಅಂತಿಮವಾಗುವವರೆಗೆ ಯಾವ ಜೆನೆರಿಕ್‌ಗೂ ಅನುಮತಿ ಕೂಡದು ಎಂಬುದು ಅವರ ವಾದ. ಆಡಳಿತದವರು ಅರ್ಜಿಗಳನ್ನು ತಳ್ಳಿಹಾಕಿ ರಾಕ್ಸೇನ್ ಕಂಪೆನಿಯ ಜೆನೆರಿಕ್‌ಗೆ ಅನುಮತಿ ಕೊಟ್ಟುದು ೨೦೦೬ರ ಫೆಬ್ರವರಿ ೨೨ರಂದು. ಕೂಡಲೇ ಮೂಲ ಕಂಪೆನಿ ಮೇರಿಲೆಂಡಿನ ನ್ಯಾಯಾಲಯಕ್ಕೆ ಹೋಗಿ ತಾತ್ಕಾಲಿಕ ತಡೆ ತಂದಿತು; ಮಾರ್ಚ್ ೬ರಂದು ಆ ತಡೆಯೂ ಬಿದ್ದುಹೋಯಿತು.

ಪೇಟೆಂಟು ತೀರಿದ ದಿನಕ್ಕೂ ಅಗ್ಗದ ಔಷಧ ಅಂಗಡಿಗೆ ಬಂದ ದಿನಕ್ಕೂ ನಡುವೆ ಇಪ್ಪತ್ತೊಂದು ತಿಂಗಳು ಮೀರಿದ ಕಾಲ ಕಳೆಯಿತು. ಇದರ ಭಾರವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯೋಣ. ಒಂದು ಯೋಜನೆಯ ಸದಸ್ಯರಿಗೆ ತಿಂಗಳಿಗೆ ೧೦,೦೦೦ ಸೀಸೆ ಔಷಧ ಬೇಕೆಂದಿಟ್ಟುಕೊಳ್ಳಿ. ಮೂಲ ಔಷಧದ ಸೀಸೆಯ ಬೆಲೆ ೧೦೦ ಎಂದಿರಲಿ. ಇಬ್ಬರು ಜೆನೆರಿಕ್ ತಯಾರಕರಿದ್ದರೆ ಬೆಲೆ ೪೬ ಆಗಬೇಕು. ಉಳಿತಾಯ ಸೀಸೆಗೆ ೫೪, ತಿಂಗಳಿಗೆ ೫,೪೦,೦೦೦. ಇಪ್ಪತ್ತೊಂದು ತಿಂಗಳಿಗೆ ೧,೧೩,೪೦,೦೦೦. ಪೇಟೆಂಟು ತೀರುವ ದಿನವನ್ನೇ ನಂಬಿ, ಉಳಿತಾಯ ಕೈಗೆ ಬಂದಂತೆಯೇ ಭಾವಿಸಿ ಕಂತು ನಿಗದಿ ಮಾಡಿದ್ದ ಯೋಜನೆಗೆ ಇದು ಅಷ್ಟೂ ಕೊರತೆ. ಅದನ್ನು ಮರುವರ್ಷದ ಕಂತಿನಲ್ಲಿ ತುಂಬಿಕೊಡುವವರು ಸದಸ್ಯರೇ. ಈ ವಿಳಂಬದ ಬಗ್ಗೆ ಸಗಟು ಕೊಳ್ಳುವವರು ಹೂಡಿದ ದಾವೆ ೨೦೧೩ರಲ್ಲಿ ರಾಜಿಯಾಗಿ, ಮೂಲ ಕಂಪೆನಿ ೧೫ ಕೋಟಿ ಡಾಲರುಗಳನ್ನು ಕೊಟ್ಟಿತು. ಆದರೆ ೨೦೦೫ರ ವಸಂತದಲ್ಲಿ ದುಬಾರಿಯೆಂದು ಔಷಧ ಕೊಳ್ಳದೆ ಸೀನುತ್ತ ಪರೀಕ್ಷೆಗೆ ಕುಳಿತ ಹುಡುಗನಿಗೆ ೨೦೧೩ರ ರಾಜಿಯಿಂದ ಏನಾಯಿತು?

ನ್ಯಾಯವಾಗಿ ಹೇಳಬೇಕಾದರೆ, ಮೂಲ ಕಂಪೆನಿಯ ವಾದ ಕೇವಲ ನೆಪವಾಗಿರಲಿಲ್ಲ. ಅದರಲ್ಲಿ ವಿಜ್ಞಾನದ ಒಂದು ನಿಜವಾದ ತೊಡಕು ಇತ್ತು. ನುಂಗುವ ಗುಳಿಗೆಯ ವಿಷಯದಲ್ಲಿ ಸಮಾನತೆಯನ್ನು ತೋರಿಸುವುದು ಸುಲಭ. ಎರಡು ಗುಳಿಗೆಗಳನ್ನೂ ಆರೋಗ್ಯವಂತರಿಗೆ ಕೊಟ್ಟು, ಗಂಟೆಗಂಟೆಗೂ ರಕ್ತ ತೆಗೆದು, ಔಷಧದ ಸಾಂದ್ರತೆ ಎರಡರಲ್ಲಿಯೂ ಒಂದೇ ಬಗೆಯಲ್ಲಿ ಏರಿಳಿಯಿತೇ ಎಂದು ನೋಡುತ್ತಾರೆ. ರಕ್ತದ ಮೂಲಕವೇ ಔಷಧ ಗುರಿ ಮುಟ್ಟಬೇಕಾದುದರಿಂದ ಈ ಅಳತೆ ಸಲ್ಲುತ್ತದೆ. ಮೂಗಿನ ತುಂತುರಿನಲ್ಲಿಯಾದರೋ ರಕ್ತಕ್ಕೆ ಸೇರಿದ ಔಷಧ ಗುರಿ ತಪ್ಪಿದ ಔಷಧ. ಸಿಂಪಡಿಸಿದ ಫ್ಲೂಟಿಕಾಸೋನಿನಲ್ಲಿ ನೂರಕ್ಕೆ ಎರಡು ಪಾಲೂ ರಕ್ತವನ್ನು ತಲುಪುವುದಿಲ್ಲ. ಗಂಟಲಿಗಿಳಿದದ್ದನ್ನು ಯಕೃತ್ತು ಒಡೆದುಹಾಕುತ್ತದೆ. ಲೋಳೆಪೊರೆಯ ಮೇಲೆ ಎಷ್ಟು ಕುಳಿತು, ಎಷ್ಟು ಬೇಗ ಕರಗಿತು ಎಂಬುದನ್ನು ರಕ್ತ ಹೇಳಲಾರದು.

ಮೇಲಾಗಿ ಇದು ನೀರಿನಲ್ಲಿ ಕರಗಿದ ಔಷಧವಲ್ಲ. ಅತಿ ಸೂಕ್ಷ್ಮವಾದ ಹರಳುಗಳು ನೀರಿನಲ್ಲಿ ತೇಲುತ್ತಿರುವ ತೇಲುದ್ರವ. ಸೀಸೆಯನ್ನು ಬಳಸುವ ಮುನ್ನ ಕುಲುಕಬೇಕೆನ್ನುವುದು ಅದಕ್ಕಾಗಿ. ಹರಳು ದೊಡ್ಡದಾದರೆ ನಿಧಾನವಾಗಿ ಕರಗುತ್ತದೆ, ಸಣ್ಣದಾದರೆ ಬೇಗ. ಹೀಗೆ ಹರಳಿನ ಗಾತ್ರವೇ ಔಷಧದ ಗುಣವನ್ನು ಬದಲಾಯಿಸಬಲ್ಲುದು. ಹರಳುಗಳು ತಳ ಸೇರದಂತೆ ಹಿಡಿದಿಡಲು ಸೆಲ್ಯುಲೋಸಿನ ಸಣ್ಣ ಕಣಗಳನ್ನೂ ಬೆರೆಸಿರುತ್ತಾರೆ. ಫ್ಲೋನೇಸಿನಲ್ಲಿ ಫಿನೈಲ್‌ಈಥೈಲ್ ಆಲ್ಕಹಾಲ್ ಸಹ ಇದೆ. ಗುಲಾಬಿಗೆ ಅದರ ಪರಿಮಳ ಕೊಡುವ ವಸ್ತುಗಳಲ್ಲಿ ಇದೂ ಒಂದು. ಮದ್ದು ಹಾಕಿಕೊಂಡಾಗ ಹೂವಿನ ವಾಸನೆ ಬರುತ್ತದೆಂದು ರೋಗಿಗಳು ಹೇಳುವುದು ಭ್ರಮೆಯಲ್ಲ. ಇನ್ನು ಸಿಂಪಡಿಸುವ ಪಂಪು: ಒಂದು ಒತ್ತಿಗೆ ೫೦ ಮೈಕ್ರೋಗ್ರಾಂ, ಒಂದು ಸೀಸೆಗೆ ೧೨೦ ಒತ್ತು, ಮೊದಲ ಒತ್ತಿನಿಂದ ಕೊನೆಯದರವರೆಗೆ ತೂಕವೂ, ಹನಿಯ ಗಾತ್ರವೂ, ತುಂತುರಿನ ಆಕಾರವೂ ಕೆಡಬಾರದು. ಇವೆಲ್ಲವನ್ನೂ ಪ್ರಯೋಗಶಾಲೆಯಲ್ಲಿ ಅಳೆದ ಮೇಲೆಯೂ, ಪರಾಗದ ಕಾಲದಲ್ಲಿ ನೂರಾರು ರೋಗಿಗಳಿಗೆ ಎರಡು ವಾರ ಔಷಧ ಕೊಟ್ಟು ಸೀನುಗಳನ್ನು ಎಣಿಸಬೇಕಾಗಿತ್ತು. ಬರಿಯ ನೀರು ಸಿಂಪಡಿಸಿಕೊಂಡವರೂ ಗುಣವಾಯಿತೆನ್ನುವ ವ್ಯಾಧಿಯಿದು. ಇಂಥ ಎಣಿಕೆ ಎಷ್ಟು ಒರಟೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ವರ್ಷದ ಪರಾಗಕಾಲ ಕೈತಪ್ಪಿದರೆ ಮತ್ತೊಂದು ವರ್ಷ ಕಾಯಬೇಕು.

ಮೊಮೆಟಾಸೋನ್ ಎಂಬ ಇನ್ನೊಂದು ಸ್ಟೀರಾಯ್ಡಿನ ಕಥೆ ಇಲ್ಲಿ ಬರುತ್ತದೆ. ನೇಸೊನೆಕ್ಸ್ ಎಂಬ ಹೆಸರಿನಲ್ಲಿ ಅದು ೧೯೯೭ರಲ್ಲಿ ಬಂತು. ಕೆನಡಾದ ಅಪೋಟೆಕ್ಸ್ ಕಂಪೆನಿ ಅದರ ಪೇಟೆಂಟಿನ ವಿಷಯದಲ್ಲಿ ನ್ಯೂಜೆರ್ಸಿಯ ನ್ಯಾಯಾಲಯದಲ್ಲಿ ೨೦೧೨ರಲ್ಲಿಯೇ ಗೆದ್ದಿತು. ಮರುವರ್ಷ ಮೇಲಿನ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು. ವಕೀಲರ ಕೆಲಸ ಮುಗಿಯಿತು. ಔಷಧ ಮಾತ್ರ ಬರಲಿಲ್ಲ. ಅನುಮತಿ ದೊರೆತುದು ೨೦೧೬ರ ಮಾರ್ಚ್‌ನಲ್ಲಿ. ಸಮಾನತೆಯನ್ನು ಸ್ಥಾಪಿಸಲು ಆಗ ನೆರವಾದ ಸಾಧನವನ್ನು ಕೇಳಿದರೆ ನಮ್ಮ ವಾಚಕರಿಗೆ ವಿಶೇಷ ಸಂತೋಷವಾದೀತು.

ತೇಲುದ್ರವದಲ್ಲಿರುವ ಔಷಧದ ಹರಳು ಯಾವುದು, ಸೆಲ್ಯುಲೋಸಿನ ಕಣ ಯಾವುದು ಎಂದು ಸೂಕ್ಷ್ಮದರ್ಶಕದ ಕೆಳಗೆ ಖಚಿತವಾಗಿ ಬೇರ್ಪಡಿಸುವುದು ಕಷ್ಟ. ಲೇಸರ್ ಬೆಳಕನ್ನು ಚದುರಿಸಿ ಗಾತ್ರ ಅಳೆಯುವ ಯಂತ್ರಕ್ಕೂ ಎರಡೂ ಒಂದೇ. ಆದರೆ ಒಂದೊಂದು ಕಣದ ಮೇಲೂ ಏಕವರ್ಣದ ಬೆಳಕನ್ನು ಬಿಟ್ಟು, ಚದುರಿಬಂದ ಬೆಳಕಿನಲ್ಲಿ ಬಣ್ಣ ಬದಲಾದ ಭಾಗವನ್ನು ಪರೀಕ್ಷಿಸಿದರೆ, ಆ ಕಣದ ಅಣುಗಳ ಕಂಪನ ತನ್ನ ಹೆಸರನ್ನು ತಾನೇ ಹೇಳುತ್ತದೆ. ಚದುರಿದ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಪಾಲು ಮಾತ್ರ ಹೀಗೆ ಬದಲಾಗುವುದು. ಅದನ್ನು ಹಿಡಿದು ಓದುವುದೇ ಕೌಶಲ. ಇದು ೧೯೨೮ರಲ್ಲಿ ಕಲ್ಕತ್ತೆಯಲ್ಲಿ ಸರ್ ಸಿ. ವಿ. ರಾಮನ್ ಕಂಡ ಪರಿಣಾಮ. ೧೯೩೩ರಲ್ಲಿ ಬೆಂಗಳೂರಿಗೆ ಬಂದು, ಬದುಕಿನ ಉಳಿದ ಭಾಗವನ್ನು ಇಲ್ಲಿಯೇ ಕಳೆದ ಆ ಮಹನೀಯರು ತಮ್ಮ ಶೋಧ ಅಮೆರಿಕದವರ ಮೂಗಿನ ಮದ್ದಿನ ಬೆಲೆಯನ್ನು ಇಳಿಸೀತೆಂದು ಎಣಿಸಿರಲಾರರು. ಕಣದ ಆಕಾರವನ್ನೂ ರಾಮನ್ ರೋಹಿತವನ್ನೂ ಜೊತೆಯಾಗಿ ಅಳೆಯುವ ಈ ವಿಧಾನದಿಂದ ಔಷಧದ ಹರಳುಗಳ ಗಾತ್ರ ಮೂಲದ್ದಕ್ಕೆ ಸಮವೆಂದು ತೋರಿದುದರಿಂದ, ರೋಗಿಗಳ ಮೇಲಿನ ಹೋಲಿಕೆಯ ಪರೀಕ್ಷೆ ಬೇಡವೆಂದು ಎಫ್.ಡಿ.ಎ. ಒಪ್ಪಿತು.

ಯೋಜನೆ ಹೂಡುವವರು ಇದರಿಂದ ಕಲಿಯಬೇಕಾದುದೇನು? ಜೆನೆರಿಕ್ ಬರುವ ದಿನವನ್ನು ಪೇಟೆಂಟಿನ ಕಾಗದವೊಂದೇ ನಿರ್ಧರಿಸುವುದಿಲ್ಲ. ಅಳತೆಯ ವಿಜ್ಞಾನ ಎಲ್ಲಿಯವರೆಗೆ ಬಂದಿದೆ ಎಂಬುದೂ ನಿರ್ಧರಿಸುತ್ತದೆ. ಆದ್ದರಿಂದ ಅವರು ಒಂದು ದಿನಾಂಕವನ್ನಲ್ಲ, ಒಂದು ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೇಗ ಬಂದರೆ ಇಷ್ಟು, ತಡವಾದರೆ ಇಷ್ಟು ಎಂದು ಎರಡು ಬಜೆಟ್ಟುಗಳನ್ನು ಇಟ್ಟುಕೊಳ್ಳಬೇಕು. ಅರ್ಜಿಗಳ ಮೂಲಕ ವಿಳಂಬ ಮಾಡಿಸುವುದಕ್ಕೆ ೨೦೦೭ರ ಕಾನೂನು ಕೊಂಚ ಕಡಿವಾಣ ಹಾಕಿತು. ಅಷ್ಟರಿಂದ ಅನಿಶ್ಚಯ ತೊಲಗಿತೆಂದು ಹೇಳಲಾಗದು.

ಮತ್ತೊಂದು ಬಲೆಯೂ ಇದೆ. ಫ್ಲೋನೇಸಿನ ಜೆನೆರಿಕ್ ಬಂದ ಮರುವರ್ಷವೇ, ೨೦೦೭ರಲ್ಲಿ, ಅದೇ ಕಂಪೆನಿಯ ವೆರಾಮಿಸ್ಟ್ ಎಂಬ ಹೊಸ ಸ್ಪ್ರೇ ಮಾರುಕಟ್ಟೆಗೆ ಬಂತು. ಅದರಲ್ಲಿ ಇದ್ದುದು ಫ್ಲೂಟಿಕಾಸೋನಿನದೇ ಇನ್ನೊಂದು ಲವಣವೆಂದು ಹಲವರು ತಿಳಿದರು. ರಸಾಯನದ ದೃಷ್ಟಿಯಿಂದ ಅದು ಬೇರೆಯದೇ ಅಣು, ಹೊಸ ಪೇಟೆಂಟಿಗೆ ಅರ್ಹವೇ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈ ಗುಂಪಿನ ಔಷಧಗಳನ್ನು ಒಂದಕ್ಕೊಂದು ಹೋಲಿಸಿದ ಪರೀಕ್ಷೆಗಳಲ್ಲಿ ಗುಣದಲ್ಲಿ ಹೇಳಿಕೊಳ್ಳುವಂಥ ಅಂತರ ಕಂಡುಬಂದಿಲ್ಲ. ಅಂತರವಿರುವುದು ವಾಸನೆಯಲ್ಲಿ, ತುಂತುರಿನ ನಯದಲ್ಲಿ, ಮಕ್ಕಳಿಗೆ ಯಾವ ವಯಸ್ಸಿನಿಂದ ಕೊಡಬಹುದೆಂಬುದರಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಬೆಲೆಯಲ್ಲಿ. ಹೀಗಿರಲು, ಗುಂಪಿನಲ್ಲಿ ಒಂದು ಒಳ್ಳೆಯ ಔಷಧ ಅಗ್ಗವಾದ ಕೂಡಲೇ ಅದನ್ನು ಕೆಳಗಿನ ಮೆಟ್ಟಿಲಲ್ಲಿಟ್ಟು, ಅದು ಒಗ್ಗದವರಿಗೆ ಮಾತ್ರ ಮೇಲಿನದನ್ನು ಕೊಡುವುದು ನ್ಯಾಯವೆಂದೇ ನಮ್ಮ ಅಭಿಪ್ರಾಯ. ಇದನ್ನು ವೈದ್ಯನ ಸ್ವಾತಂತ್ರ್ಯಕ್ಕೆ ಕುಂದೆನ್ನುವವರನ್ನು ನಾವು ಒಪ್ಪಲಾರೆವು.

ಆದರೆ ಪಟ್ಟಿ ಮಾಡುವವರ ಕೈಯೂ ಯಾವಾಗಲೂ ಶುಭ್ರವಲ್ಲ. ವಿಮಾ ಯೋಜನೆಗೂ ಔಷಧ ಕಂಪೆನಿಗೂ ನಡುವೆ ಪಟ್ಟಿಯನ್ನು ನಿರ್ವಹಿಸುವ ದಲ್ಲಾಳಿ ಸಂಸ್ಥೆಗಳಿವೆ. ಮೂಲ ಔಷಧದ ತಯಾರಕರು ಮಾರಾಟವಾದ ಮೇಲೆ ಹಣದಲ್ಲಿ ಒಂದು ಪಾಲನ್ನು ಇವರಿಗೆ ಹಿಂದಿರುಗಿಸುತ್ತಾರೆ. ಹಾಗೆ ಮರಳಿದ ಹಣದ ಆಸೆಗೆ, ಜೆನೆರಿಕ್ ಬಂದ ಮೇಲೂ ದುಬಾರಿ ಔಷಧವನ್ನೇ ಅನುಕೂಲದ ಮೆಟ್ಟಿಲಲ್ಲಿ ಉಳಿಸಿಕೊಳ್ಳುವ ಪ್ರಲೋಭನೆ ಇದ್ದೇ ಇದೆ. ಯೋಜನೆಯ ಪುಸ್ತಕದಲ್ಲಿ ಅದು ಲಾಭವೆಂದು ಕಂಡೀತು. ಮುದ್ರಿತ ಬೆಲೆಯ ಮೇಲೆ ಶೇಕಡಾವಾರು ಪಾಲು ತೆರುವ ರೋಗಿಗೆ ಅದು ಶುದ್ಧ ನಷ್ಟ.

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಈ ಔಷಧ ಫಲ ಕೊಡಲು ದಿನಗಳು ಬೇಕು, ಎಡೆಬಿಡದೆ ಬಳಸಬೇಕು. ಆಗಸ್ಟ್ ತಿಂಗಳ ಕೊನೆಯಲ್ಲಿ ರೋಗಿಯೊಬ್ಬಳು ಅಂಗಡಿಗೆ ಹೋದಾಗ, ‘ನಿಮ್ಮ ಔಷಧ ನಿನ್ನೆಯಿಂದ ಪಟ್ಟಿಯಲ್ಲಿಲ್ಲ, ವೈದ್ಯರಿಂದ ಬೇರೆ ಚೀಟಿ ತನ್ನಿ’ ಎಂದರೆ ಏನಾಗುವುದು? ವೈದ್ಯರ ಭೇಟಿಗೆ ವಾರ ಕಾಯಬೇಕು; ಅಷ್ಟರಲ್ಲಿ ಮೂಗಿನ ಪೊರೆ ಮತ್ತೆ ಊದಿಕೊಂಡಿರುತ್ತದೆ; ಹೊಸ ಔಷಧ ಹಿಡಿಯುವ ಹೊತ್ತಿಗೆ ಕಾಲವೇ ಅರ್ಧ ಕಳೆದಿರುತ್ತದೆ. ಉಬ್ಬಸದವರಲ್ಲಿ ಬಹುಮಂದಿಗೆ ಈ ಮೂಗಿನ ವ್ಯಾಧಿಯೂ ಇರುವುದರಿಂದ ಇದು ಬರಿಯ ಸೀನಿನ ಮಾತಾಗಿ ಉಳಿಯುವುದಿಲ್ಲ. ಅದೇ ಅಣುವಿನ ಜೆನೆರಿಕ್ ಬಂದಾಗ ಅಂಗಡಿಯವನೇ ಬದಲಿಸಿ ಕೊಡಬಹುದು, ಅಲ್ಲಿ ತೊಂದರೆಯಿಲ್ಲ. ಒಂದು ಅಣುವಿನಿಂದ ಇನ್ನೊಂದು ಅಣುವಿಗೆ ಬಲವಂತವಾಗಿ ಸಾಗಿಸುವಾಗ ಮಾತ್ರ ಪರಾಗದ ಪಂಚಾಂಗವನ್ನು ನೋಡಲೇಬೇಕು. ಬೆಲೆ ಇಳಿದ ದಿನವೇ ಬದಲಿಸದೆ ಒಂದು ಕಾಲ ಮುಗಿಯುವವರೆಗೆ ಹಳೆಯದನ್ನೇ ಮುಂದುವರಿಸಿದರೆ ಯೋಜನೆಗೆ ಆಗುವ ಖರ್ಚು ಎರಡು ಮೂರು ಸೀಸೆಗಳದ್ದು.

ಇನ್ನೊಂದು ತಿರುವಿನ ವಿಷಯ ಇದಕ್ಕಿಂತ ಗಂಭೀರ. ಔಷಧ ವೈದ್ಯರ ಚೀಟಿಯಿಲ್ಲದೆಯೇ ಅಂಗಡಿಯಲ್ಲಿ ದೊರೆಯುವಂತಾದರೆ ವಿಮೆ ಸಾಮಾನ್ಯವಾಗಿ ಕೈ ತೊಳೆದುಕೊಳ್ಳುತ್ತದೆ. ಇದರ ಸೊಗಸು ವಿಮಾದಾರರಿಗೆ ಬಹಳ ಹಿಂದೆಯೇ ತಿಳಿದಿತ್ತು. ಅಲರ್ಜಿಯ ಗುಳಿಗೆಯಾದ ಕ್ಲಾರಿಟಿನ್ ಮತ್ತು ಅದರ ಜೊತೆಯವನ್ನು ಚೀಟಿಯಿಲ್ಲದೆ ಮಾರುವಂತೆ ಮಾಡಬೇಕೆಂದು ೧೯೯೮ರಲ್ಲಿ ಎಫ್.ಡಿ.ಎ.ಗೆ ಅರ್ಜಿ ಹಾಕಿದವರು ತಯಾರಕರಲ್ಲ, ಕ್ಯಾಲಿಫೋರ್ನಿಯಾದ ವೆಲ್‌ಪಾಯಿಂಟ್ ಎಂಬ ವಿಮಾ ಕಂಪೆನಿಯವರು! ೨೦೦೨ರಲ್ಲಿ ಕ್ಲಾರಿಟಿನ್ ಹಾಗೆಯೇ ಆಯಿತು. ಮೂಗಿನ ಸ್ಟೀರಾಯ್ಡುಗಳ ಸರದಿ ೨೦೧೩ರಲ್ಲಿ ನೇಸಾಕಾರ್ಟಿನಿಂದ ಆರಂಭವಾಗಿ, ೨೦೧೪ರಲ್ಲಿ ಫ್ಲೋನೇಸ್, ೨೦೧೫ರಲ್ಲಿ ರೈನೋಕಾರ್ಟ್, ೨೦೨೨ರಲ್ಲಿ ನೇಸೊನೆಕ್ಸ್‌ವರೆಗೆ ಬಂತು. ಮೆಡಿಕೇರಿನ ಔಷಧ ವಿಭಾಗ ಚೀಟಿಯಿಲ್ಲದ ಔಷಧಗಳಿಗೆ ಹಣ ಕೊಡುವಂತೆಯೇ ಇಲ್ಲ. ಆರೋಗ್ಯಕ್ಕೆಂದು ತೆರಿಗೆಯಿಲ್ಲದೆ ಎತ್ತಿಟ್ಟ ತನ್ನದೇ ಸಂಬಳದ ಹಣದಿಂದ ಇಂಥ ಸೀಸೆ ಕೊಳ್ಳಬೇಕಾದರೂ ೨೦೧೧ರಿಂದ ೨೦೧೯ರವರೆಗೆ ಚೀಟಿ ಬೇಕಾಗಿತ್ತು. ಚೀಟಿ ಬೇಡದ ಔಷಧಕ್ಕೆ ಚೀಟಿ! ೨೦೨೦ರ ಕಾನೂನು ಈ ವಿನೋದವನ್ನು ಕೊನೆಗಾಣಿಸಿತು.

ಚೀಟಿಯಿಲ್ಲದೆ ದೊರೆಯುವುದು ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ವೈದ್ಯರ ಭೇಟಿಯ ಶುಲ್ಕವೂ ಒಂದು ಹಗಲಿನ ಕೂಲಿಯೂ ಉಳಿಯುತ್ತದೆ. ಬಹುಜನರಿಗೆ ಅದು ಅನುಕೂಲವೇ. ನಮ್ಮ ಆಕ್ಷೇಪಣೆ ಇಷ್ಟು: ಯೋಜನೆಯ ಪುಸ್ತಕದಿಂದ ರೋಗಿಯ ಜೇಬಿಗೆ ವರ್ಗಾವಣೆಯಾದ ಖರ್ಚನ್ನು ‘ಉಳಿತಾಯ’ವೆಂದು ಬರೆಯುವುದು ಸುಳ್ಳು ಲೆಕ್ಕ. ಮಕ್ಕಳ ವಿಷಯದಲ್ಲಿ ಇನ್ನೊಂದು ಅಪಾಯವೂ ಇದೆ. ಈ ಸ್ಪ್ರೇಗಳು ಕೆಲವು ಮಕ್ಕಳಲ್ಲಿ ಬೆಳವಣಿಗೆಯ ವೇಗವನ್ನು ತುಸು ತಗ್ಗಿಸಬಹುದೆಂದು ಡಬ್ಬಿಯ ಮೇಲೆಯೇ ಎಚ್ಚರಿಕೆ ಬರೆದಿದೆ. ನಾಲ್ಕರಿಂದ ಹನ್ನೊಂದು ವರ್ಷದವರಿಗೆ ವರ್ಷದಲ್ಲಿ ಎರಡು ತಿಂಗಳಿಗಿಂತ ಹೆಚ್ಚು ಬೇಕಾದರೆ ವೈದ್ಯರನ್ನು ಕೇಳಬೇಕೆಂದು ಫ್ಲೋನೇಸಿನ ಸೂಚನೆ ಹೇಳುತ್ತದೆ. ಅಂಥ ಮಗುವಿಗೆ ವೈದ್ಯ ಬರೆದುಕೊಟ್ಟ ಜೆನೆರಿಕ್ ಸೀಸೆಗಾದರೂ ವಿಮೆ ಹಣ ಕೊಡಬೇಕಾದುದು ಕರ್ತವ್ಯ. ಅದರಿಂದ ವೈದ್ಯನ ಕಣ್ಣು ಮಗುವಿನ ಮೇಲೆ ಉಳಿಯುತ್ತದೆ. ಜೆನೆರಿಕ್ ಸೀಸೆಯ ಬೆಲೆ ಇಷ್ಟು ಇಳಿದಿರುವಾಗ ಯೋಜನೆ ಮುಳುಗುವುದೂ ಇಲ್ಲ.

ನಮ್ಮ ದೇಶದಲ್ಲಿ ಆರೋಗ್ಯವಿಮೆ ಬಹುಮಟ್ಟಿಗೆ ಆಸ್ಪತ್ರೆಯ ಹಾಸಿಗೆಗೆ ಸೀಮಿತವಾಗಿದ್ದು, ಮೂಗಿನ ಮದ್ದನ್ನು ಕೈಯಿಂದಲೇ ಕೊಳ್ಳುವೆವಾದುದರಿಂದ ಈ ಚರ್ಚೆ ದೂರದ್ದೆನಿಸಬಹುದು. ಆದರೆ ಆ ಔಷಧಗಳ ಕಥೆಯಲ್ಲಿ ನಮ್ಮವರೂ ಪಾತ್ರಧಾರಿಗಳು. ಹಿಸ್ಟಮೀನಿಗೆ ಎದುರಾದ ಅಝೆಲಾಸ್ಟೀನನ್ನೂ ಫ್ಲೂಟಿಕಾಸೋನನ್ನೂ ಒಂದೇ ಸೀಸೆಯಲ್ಲಿ ಬೆರೆಸಿ ಇಲ್ಲಿ ಮೊದಲೇ ಮಾರುತ್ತಿದ್ದವರು ಮುಂಬಯಿಯ ಸಿಪ್ಲಾ ಕಂಪೆನಿಯವರು. ಅಂಥ ಜೋಡಿ ಔಷಧ ಡೈಮಿಸ್ಟಾ ಎಂಬ ಹೆಸರಿನಲ್ಲಿ ಅಮೆರಿಕಾದ ಅನುಮತಿ ಪಡೆದುದು ೨೦೧೨ರಲ್ಲಿ.

ಮುಂಬಯಿಯದೇ ಆದ ಗ್ಲೆನ್‌ಮಾರ್ಕ್ ಕಂಪೆನಿಯ ರಯಾಲ್ಟ್ರಿಸ್ ಎಂಬ ಜೋಡಿ ಸ್ಪ್ರೇಗೆ ೨೦೨೨ರ ಜನವರಿಯಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ಅದರಲ್ಲಿರುವ ಒಲೊಪಟಡೀನ್, ಮೊಮೆಟಾಸೋನ್ ಎರಡೂ ಹಳೆಯ ಔಷಧಗಳೇ. ಬಿಡಿಬಿಡಿಯಾಗಿ ಜೆನೆರಿಕ್ ರೂಪದಲ್ಲಿ ದೊರೆಯುತ್ತಿವೆ. ಜೋಡಿಯ ಜೆನೆರಿಕ್ ಮುಂದೊಂದು ದಿನ ಬರಬೇಕಾಗಿದೆ. ಅದರಲ್ಲಿಯೂ ಮೊಮೆಟಾಸೋನಿನ ಹರಳುಗಳು ನೀರಿನಲ್ಲಿ ತೇಲುತ್ತಿವೆ. ಅವುಗಳನ್ನು ಅಳೆಯುವ ವಿಧಾನವೂ ೨೦೧೬ರಿಂದ ನಮ್ಮ ಕೈಯಲ್ಲಿದೆ. ಆ ದಿನ ಬರುವವರೆಗೆ, ಒಂದು ಸ್ಟೀರಾಯ್ಡು ಸಾಲದ ರೋಗಿಗೆ ಎರಡು ಅಗ್ಗದ ಸೀಸೆಗಳನ್ನು ಜೊತೆಯಾಗಿ ಕೊಟ್ಟು ನೋಡಿ, ಅದೂ ಸಾಲದವರಿಗೆ ಜೋಡಿಯನ್ನು ಕೊಡುವ ಪದ್ಧತಿಯನ್ನು ಈ ಚಳಿಗಾಲದಲ್ಲಿಯೇ ಪಟ್ಟಿಗೆ ಸೇರಿಸಬಹುದು. ಮರಗಳ ಪರಾಗ ಏಳುವುದಕ್ಕೆ ವಸಂತ ಬರಬೇಕು. ರ‍್ಯಾಗ್‌ವೀಡಿಗೆ ಇನ್ನೂ ಹೊತ್ತಿದೆ.